ಪಿತ್ತನಾಳದ ಕ್ಯಾನ್ಸರ್‌ಗೆ ಗಿಡಮೂಲಿಕೆ: ಲ್ಯಾಬಿನ ತಟ್ಟೆಯಿಂದ ರೋಗಿಯವರೆಗೆ ಎಷ್ಟು ದೂರ?

2010ರಲ್ಲಿ ಥಾಯ್ಲೆಂಡಿನ ಥಮ್ಮಸಾತ್ ವಿಶ್ವವಿದ್ಯಾಲಯದ ಸಂಶೋಧಕರು ಅಲ್ಲಿನ ನಾಟಿ ವೈದ್ಯದಲ್ಲಿ ಬಳಕೆಯಲ್ಲಿರುವ 28 ಗಿಡಗಳ ಮತ್ತು 5 ಸಿದ್ಧ ಔಷಧಗಳ ಎಥನಾಲ್ ಸಾರ ತೆಗೆದು, ಪಿತ್ತನಾಳದ ಕ್ಯಾನ್ಸರ್ ಕೋಶಗಳ ಮೇಲೆ ಪರೀಕ್ಷಿಸಿ ಪ್ರಕಟಿಸಿದರು. ಮಿಲಿಲೀಟರಿಗೆ 50 ಮೈಕ್ರೋಗ್ರಾಂ ಪ್ರಮಾಣದಲ್ಲಿ ಅರ್ಧಕ್ಕಿಂತ ಹೆಚ್ಚು ಕೋಶಗಳನ್ನು ಅಡಗಿಸಿದ್ದು ಐದು ಗಿಡ ಮತ್ತು ಒಂದು ಸಿದ್ಧ ಔಷಧ. ಆ ಐದರಲ್ಲಿ ನಾಲ್ಕು ನಮಗೂ ಗೊತ್ತಿರುವಂಥವೇ: ಶುಂಠಿ, ನಾಗಸಂಪಿಗೆ, ಚವ್ಯ, ಚಂದ್ರಮೂಲ. ಐದನೆಯದು ಅಟ್ರಾಕ್ಟಿಲೋಡಿಸ್ ಲ್ಯಾನ್ಸಿಯಾ ಎಂಬ, ಚೀನಾ ಮೂಲದ, ಘಾಟು ವಾಸನೆಯ ಬೇರುಗಡ್ಡೆ. ಥಾಯ್ ಔಷಧ ಅಂಗಡಿಗಳಲ್ಲಿ ಇದನ್ನು ಕೋಟ್ ಕಮಾವ್ ಎಂದು ಮಾರುತ್ತಾರೆ. ಕ್ಯಾಪ್ಸೂಲ್ ಆಗಿ ರೋಗಿಗಳವರೆಗೆ ಬಂದದ್ದು ಈ ಬೇರು. ಹಾಗೆ ಬರಲು ಹತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು.

ಈ ಹತ್ತು ವರ್ಷಗಳಲ್ಲಿ ಏನು ನಡೆಯುತ್ತದೆ ಎಂಬುದು ಸುದ್ದಿಯಾಗುವುದಿಲ್ಲ. ಸುದ್ದಿಯಾಗುವುದು ಮೊದಲ ದಿನದ ಫಲಿತಾಂಶ, "ಕ್ಯಾನ್ಸರ್ ಕೋಶ ಕೊಲ್ಲುವ ಅಂಶ ಪತ್ತೆ" ಎಂಬ ತಲೆಬರಹದಲ್ಲಿ. ಈ ಇಡೀ ಕೆಲಸದಲ್ಲಿ ಅತ್ಯಂತ ಅಗ್ಗದ, ಅತ್ಯಂತ ಸುಲಭದ ಹಂತ ಅದು. ತಟ್ಟೆಯಲ್ಲಿ ಎಷ್ಟು ಪ್ರಮಾಣ ಹಾಕಿದರು, ಅಷ್ಟು ಪ್ರಮಾಣ ಮನುಷ್ಯನ ರಕ್ತದಲ್ಲಿ ಸಿಗುತ್ತದೆಯೇ, ಸಿಕ್ಕರೂ ಈಗಿರುವ ಕಿಮೋಗಿಂತ ಮೇಲಾಯಿತೇ? ಈ ಮೂರು ಪ್ರಶ್ನೆಗಳಲ್ಲಿ ಮೊದಲನೆಯದಕ್ಕೆ ಮಾತ್ರ ಉತ್ತರವಿರುವ ಪ್ರಬಂಧಗಳೇ ರಾಶಿ ಬಿದ್ದಿವೆ.

ಥಾಯ್ಲೆಂಡ್ ಯಾಕೆ ಇದರ ಹಿಂದೆ ಬಿದ್ದಿದೆ ಎಂಬುದಕ್ಕೆ ಗಟ್ಟಿ ಕಾರಣವಿದೆ. ಈಶಾನ್ಯ ಥಾಯ್ಲೆಂಡಿನ ಈಸಾನ್ ಪ್ರಾಂತದಲ್ಲಿ ಸಿಹಿನೀರಿನ ಸಣ್ಣ ಮೀನನ್ನು ಕೊಚ್ಚಿ, ನಿಂಬೆರಸ, ಮೆಣಸಿನಪುಡಿ ಕಲಸಿ ಹಸಿಯಾಗಿಯೇ ತಿನ್ನುತ್ತಾರೆ. ಕೋಯ್ ಪ್ಲಾ ಎಂಬ ಈ ತಿನಿಸಿನ ಜೊತೆ ಓಪಿಸ್ಥಾರ್ಕಿಸ್ ವೈವೆರಿನಿ ಎಂಬ ಚಪ್ಪಟೆ ಹುಳುವಿನ ಮರಿಗಳು ಹೊಟ್ಟೆ ಸೇರುತ್ತವೆ. ನಿಂಬೆಯ ಹುಳಿಗೆ ಅವು ಸಾಯುವುದಿಲ್ಲ. ಪಿತ್ತನಾಳ ಹತ್ತಿ, ಅಲ್ಲೇ ವರ್ಷಗಟ್ಟಲೆ ಬಾಳಿ, ನಾಳದ ಒಳಪದರವನ್ನು ಕೆರಳಿಸುತ್ತಲೇ ಇರುತ್ತವೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1994ರಲ್ಲೇ ಈ ಹುಳುವನ್ನು ಮೊದಲ ಗುಂಪಿನ ಕ್ಯಾನ್ಸರ್‌ಕಾರಕ ಎಂದು ಘೋಷಿಸಿತು. ಪ್ರಾಜಿಕ್ವಾಂಟೆಲ್ ಮಾತ್ರೆ ದೇಹತೂಕದ ಕಿಲೋಗೆ 40 ಮಿಲಿಗ್ರಾಂ ಲೆಕ್ಕದಲ್ಲಿ ಒಂದೇ ಸಲ ನುಂಗಿದರೆ ಹುಳು ಹೋಗುತ್ತದೆ. ಮತ್ತೆ ಹಸಿ ಮೀನು ತಿಂದರೆ ಮತ್ತೆ ಬರುತ್ತದೆ. ಗಂಟು ನಾಳ ಮುಚ್ಚಿ ಕಾಮಾಲೆ ಕಾಣಿಸಿಕೊಳ್ಳುವ ಹೊತ್ತಿಗೆ ಬಹಳಷ್ಟು ಜನರಿಗೆ ಶಸ್ತ್ರಚಿಕಿತ್ಸೆಯ ಕಾಲ ಮೀರಿರುತ್ತದೆ.

ಶಸ್ತ್ರಚಿಕಿತ್ಸೆ ಸಾಧ್ಯವಿಲ್ಲದವರಿಗೆ ಉಳಿಯುವುದು ಜೆಮ್‌ಸೈಟಬಿನ್ ಮತ್ತು ಸಿಸ್‌ಪ್ಲಾಟಿನ್ ಎಂಬ ಕಿಮೋ ಮದ್ದುಗಳ ಜೋಡಿ. 410 ರೋಗಿಗಳ ಎಬಿಸಿ-02 ಪರೀಕ್ಷೆಯ ಫಲಿತಾಂಶ 2010ರಲ್ಲಿ ಬಂತು: ಜೆಮ್‌ಸೈಟಬಿನ್ ಒಂದನ್ನೇ ಪಡೆದವರ ಮಧ್ಯಾಂಕ ಬದುಕು (ಅರ್ಧದಷ್ಟು ರೋಗಿಗಳು ಬದುಕಿದ್ದ ಅವಧಿ) 8.1 ತಿಂಗಳು, ಜೋಡಿ ಪಡೆದವರದು 11.7 ತಿಂಗಳು. 2022ರಲ್ಲಿ ಟೋಪಾಜ್-1 ಪರೀಕ್ಷೆ ಈ ಜೋಡಿಗೆ ಡರ್ವಾಲುಮಾಬ್ ಎಂಬ ಇಮ್ಯೂನೋಥೆರಪಿ ಸೇರಿಸಿ 11.5 ತಿಂಗಳನ್ನು 12.8ಕ್ಕೆ ಏರಿಸಿತು. ಎಫ್‌ಜಿಎಫ್‌ಆರ್2 ಜೀನಿನ ಬೆಸುಗೆ ಇದ್ದವರಿಗೆ ಪೆಮಿಗಾಟಿನಿಬ್, ಐಡಿಎಚ್1 ಜೀನಿನ ಬದಲಾವಣೆ ಇದ್ದವರಿಗೆ ಐವೊಸಿಡೆನಿಬ್ ಕೂಡ ಬಂದಿವೆ. ಆದರೆ ಈ ಎರಡೂ ಬದಲಾವಣೆಗಳು ಹುಳುವಿನಿಂದಲ್ಲದೆ ಬರುವ ಕ್ಯಾನ್ಸರಿನಲ್ಲೇ ಹೆಚ್ಚು. ಈಸಾನಿನ ಹುಳುಮೂಲದ ಗಂಟುಗಳಲ್ಲಿ ಕಾಣುವುದು ಟಿಪಿ53, ಸ್ಮ್ಯಾಡ್4 ಜೀನುಗಳ ಕೆಡುಕು. ದುಬಾರಿ ಹೊಸ ಮದ್ದು ತಂದರೂ ಅಲ್ಲಿನ ರೈತನ ಗಂಟಿಗೆ ಅದು ಹೊಂದುವ ಸಾಧ್ಯತೆ ಕಡಿಮೆ. ಹಾಗಾಗಿ ಗಿಡಮೂಲಿಕೆಯತ್ತ ನೋಡುವುದನ್ನು ಬರೀ ಪರಂಪರೆಯ ಮೋಹ ಎಂದು ತಳ್ಳಿಹಾಕಲಾಗದು.

ಈಗ ತಟ್ಟೆಯ ಹತ್ತಿರ ಬರೋಣ. 96 ಗುಳಿಗಳ ಪ್ಲಾಸ್ಟಿಕ್ ತಟ್ಟೆ. ಅಂಚಿನ 36 ಗುಳಿಗಳಲ್ಲಿ ದ್ರವ ಬೇಗ ಆರಿ ಪ್ರಮಾಣ ತಪ್ಪುವುದರಿಂದ ಅವಕ್ಕೆ ಬರೀ ಬಫರ್ (ಲವಣದ ದ್ರಾವಣ) ಹಾಕಿ ಬಿಡಬೇಕು. ಕೆಲಸಕ್ಕೆ ಸಿಗುವುದು ಒಳಗಿನ 60. ಒಂದೊಂದರಲ್ಲಿ 5,000ದಿಂದ 10,000 ಕೋಶ ಬಿತ್ತಿ, ಅಂಟಿಕೊಳ್ಳಲು 24 ಗಂಟೆ ಬಿಟ್ಟು, ಆಮೇಲೆ ಅರ್ಧರ್ಧ ಇಳಿಸುತ್ತಾ ಆರರಿಂದ ಎಂಟು ಪ್ರಮಾಣಗಳಲ್ಲಿ ಸಾರ ಹಾಕುತ್ತಾರೆ. ಗಿಡದ ಸಾರ ನೀರಿನಲ್ಲಿ ಕರಗದ ಕಾರಣ ಡಿಎಂಎಸ್‌ಒ ದ್ರಾವಕದಲ್ಲಿ ಕರಗಿಸಬೇಕು. ಗುಳಿಯಲ್ಲಿ ಆ ದ್ರಾವಕ ಶೇ 0.5 ದಾಟಿದರೆ ಕೋಶಗಳನ್ನು ಅದೇ ಕಾಡತೊಡಗುತ್ತದೆ. ಪ್ರತಿ ಪ್ರಮಾಣದಲ್ಲೂ ದ್ರಾವಕದ ಪಾಲು ಒಂದೇ ಇರಬೇಕು, ಬರೀ ದ್ರಾವಕ ಹಾಕಿದ ಗುಳಿಗಳೂ ಇರಬೇಕು, ಪಕ್ಕದಲ್ಲಿ ಜೆಮ್‌ಸೈಟಬಿನ್ ಹಾಕಿದ ಸಾಲೊಂದು ಇರಲೇಬೇಕು. ಈ ಕೊನೆಯ ಸಾಲೇ ಇಲ್ಲದ ಪ್ರಬಂಧವನ್ನು ಮುಂದೆ ಓದದಿದ್ದರೂ ನಷ್ಟವಿಲ್ಲ.

48 ಅಥವಾ 72 ಗಂಟೆಯ ನಂತರ ಎಂಟಿಟಿ ಎಂಬ ಹಳದಿ ಬಣ್ಣದ ಪುಡಿಯ ದ್ರಾವಣ ಸೇರಿಸುತ್ತಾರೆ. ಬದುಕಿರುವ ಕೋಶ ಅದನ್ನು ನೇರಳೆ ಹರಳಾಗಿಸುತ್ತದೆ. ಹರಳು ಕರಗಿಸಿ 570 ನ್ಯಾನೋಮೀಟರ್ ಬೆಳಕಿನಲ್ಲಿ ಅಳೆಯುತ್ತಾರೆ. ನೇರಳೆ ಕಡಿಮೆಯಾದರೆ ಕೋಶ ಸತ್ತಿವೆ ಎಂದು ಲೆಕ್ಕ. ನೇರಳೆಯನ್ನು ಅರ್ಧಕ್ಕೆ ಇಳಿಸಿದ ಸಾರದ ಪ್ರಮಾಣವೇ ಐಸಿ50.

ಗಿಡದ ಸಂಯುಕ್ತಗಳು ಈ ಲೆಕ್ಕವನ್ನು ಎರಡೂ ಕಡೆಯಿಂದ ಕೆಡಿಸುತ್ತವೆ. ಪಾಲಿಫಿನಾಲ್‌ಗಳಿಗೆ ಎಂಟಿಟಿಯನ್ನು ಕೋಶದ ನೆರವಿಲ್ಲದೆ ತಾವೇ ನೇರಳೆ ಮಾಡುವ ಗುಣವಿದೆ. ಆಗ ಸತ್ತ ಕೋಶಗಳ ಗುಳಿಯೂ ಬದುಕಿರುವಂತೆ ತೋರುತ್ತದೆ. ಇನ್ನೊಂದು ಕಡೆ, ಗ್ರೀನ್ ಟೀಯ ಇಜಿಸಿಜಿಯಂಥವು ಕೋಶ ಸಾಕುವ ದ್ರವದಲ್ಲೇ ಆಮ್ಲಜನಕದೊಂದಿಗೆ ವರ್ತಿಸಿ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಿಸುತ್ತವೆ. ಕೋಶ ಸಾಯುವುದು ಪೆರಾಕ್ಸೈಡಿಗೆ, ಹೆಸರು ಬರುವುದು ಗಿಡಕ್ಕೆ. ಇದನ್ನು ಹಿಡಿಯುವುದು ಕಷ್ಟವೇನಲ್ಲ. ಕೋಶವಿಲ್ಲದ ಗುಳಿಗಳಲ್ಲಿ ಸಾರ ಮತ್ತು ಎಂಟಿಟಿ ಮಾತ್ರ ಹಾಕಿ ನೋಡಬೇಕು. ಪೆರಾಕ್ಸೈಡನ್ನು ಒಡೆಯುವ ಕ್ಯಾಟಲೇಸ್ ಕಿಣ್ವ ಸೇರಿಸಿದಾಗ ಪರಿಣಾಮ ಮಾಯವಾಗುತ್ತದೆಯೇ ಎಂದು ನೋಡಬೇಕು. ಎಂಟಿಟಿಯ ಜೊತೆಗೆ ಪ್ರೋಟೀನ್ ಅಳೆಯುವ ಎಸ್‌ಆರ್‌ಬಿ ವಿಧಾನವನ್ನೋ, ನೇರ ಎಣಿಕೆಯನ್ನೋ ಮಾಡಬೇಕು. ಅರಿಶಿನದ ಕರ್ಕ್ಯುಮಿನ್ ಮತ್ತು ಚಿತ್ರಮೂಲದ ಪ್ಲಂಬಾಜಿನ್‌ನಂಥ ಕ್ವಿನೋನ್‌ಗಳು ಯಾವ ಪರೀಕ್ಷೆಗೆ ಹಾಕಿದರೂ "ಕೆಲಸ ಮಾಡುತ್ತವೆ" ಎಂದೇ ತೋರುವ ಜಾತಿಯವು. ಔಷಧ ರಸಾಯನಶಾಸ್ತ್ರಜ್ಞರು 2010ರಿಂದಲೇ ಇಂಥವುಗಳ ಪಟ್ಟಿ ಇಟ್ಟುಕೊಂಡು ಅನುಮಾನದಿಂದಲೇ ನೋಡುತ್ತಾರೆ.

ಯಾವ ಕೋಶ ಎಂಬುದೂ ಮುಖ್ಯ. ಖೋನ್ ಕೇನ್ ವಿಶ್ವವಿದ್ಯಾಲಯದಲ್ಲಿ ಥಾಯ್ ರೋಗಿಗಳ ಗಂಟಿನಿಂದಲೇ ಬೆಳೆಸಿದ ಕೆಕೆಯು ಸಾಲಿನ ಕೋಶಗಳು ಹುಳುಮೂಲದ ರೋಗಕ್ಕೆ ಹತ್ತಿರದವು. ಅವುಗಳಲ್ಲಿ ಕೆಕೆಯು-100 ಬಹಳ ನಿಧಾನ, ಇಮ್ಮಡಿಯಾಗಲು ಸುಮಾರು 72 ಗಂಟೆ ಬೇಕು. ಅದರ ಮೇಲೆ 48 ಗಂಟೆಯ ಪರೀಕ್ಷೆ ಮಾಡಿದರೆ, ಬೆಳವಣಿಗೆ ತಡೆಯುವ ಒಳ್ಳೆಯ ಮದ್ದೂ ಸಪ್ಪೆಯಾಗಿ ಕಾಣುತ್ತದೆ. ಹೋಲಿಕೆಗೆ ಆರೋಗ್ಯವಂತ ಕೋಶವೂ ಬೇಕು. ಪಿತ್ತನಾಳದ ಒಳಪದರದಿಂದ ಬಂದ ಎಂಎಂಎನ್‌ಕೆ-1 ಆಗಬಹುದು. ಎಷ್ಟೋ ಪ್ರಬಂಧಗಳು "ಸಾಮಾನ್ಯ ಯಕೃತ್ ಕೋಶ" ಎಂದು ಚಾಂಗ್ ಲಿವರ್ ಬಳಸಿ, ನಮ್ಮ ಸಾರ ಕ್ಯಾನ್ಸರನ್ನು ಮಾತ್ರ ಕೊಲ್ಲುತ್ತದೆ, ಒಳ್ಳೆಯ ಕೋಶವನ್ನು ಮುಟ್ಟುವುದಿಲ್ಲ ಎಂದು ಬರೆದುಕೊಂಡಿವೆ. ಚಾಂಗ್ ಲಿವರ್ ಎಂಬುದು ದಶಕಗಳ ಹಿಂದೆಯೇ ಹೀಲಾ ಕೋಶಗಳಿಂದ ಕಲುಷಿತವಾದದ್ದು. ಅಂದರೆ ಅದೂ ಕ್ಯಾನ್ಸರೇ, ಗರ್ಭಕಂಠದ್ದು.

ಇಷ್ಟೆಲ್ಲ ಸರಿಯಾಗಿ ಮಾಡಿದರೂ ನಿಜವಾದ ಗೋಡೆ ಎದುರಾಗುವುದು ಪ್ರಮಾಣದಲ್ಲಿ. ಕರ್ಕ್ಯುಮಿನ್ ಉದಾಹರಣೆಯನ್ನೇ ಬಿಡಿಸಿ ನೋಡಬಹುದು. ತಟ್ಟೆಯಲ್ಲಿ ಅದರ ಪರಿಣಾಮ ಕಾಣುವುದು ಸಾಮಾನ್ಯವಾಗಿ 10ರಿಂದ 50 ಮೈಕ್ರೋಮೋಲಾರ್ ನಡುವೆ. 25 ಎಂದು ಹಿಡಿಯೋಣ. ಅಣುತೂಕ 368, ಹಾಗಾಗಿ ಮಿಲಿಲೀಟರಿಗೆ ಸುಮಾರು 9.2 ಮೈಕ್ರೋಗ್ರಾಂ ಆಯಿತು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು 1998ರಲ್ಲಿ ಮಾಡಿದ, ಜಗತ್ತಿನ ಎಲ್ಲ ಅರಿಶಿನ ಕ್ಯಾಪ್ಸೂಲ್ ಡಬ್ಬಿಗಳ ಮೇಲೂ ಇಂದಿಗೂ ಜೀವಂತವಾಗಿರುವ ಅಧ್ಯಯನವೊಂದಿದೆ. ಸ್ವಯಂಸೇವಕರಿಗೆ 2 ಗ್ರಾಂ ಕರ್ಕ್ಯುಮಿನ್ ಕೊಟ್ಟಾಗ ರಕ್ತದಲ್ಲಿ ಸಿಕ್ಕಿದ್ದು ಇಲ್ಲವೆನ್ನುವಷ್ಟು ಕಡಿಮೆ. ಜೊತೆಗೆ ಕಾಳುಮೆಣಸಿನ ಪೈಪರಿನ್ 20 ಮಿಲಿಗ್ರಾಂ ಕೊಟ್ಟಾಗ ದೇಹಕ್ಕೆ ದಕ್ಕಿದ ಪಾಲು ಶೇ 2000ದಷ್ಟು ಏರಿತು. ಡಬ್ಬಿಯ ಮೇಲೆ ಅಚ್ಚಾಗುವುದು ಈ ಶೇ 2000. ಏರಿದ ಮೇಲಿನ ಗರಿಷ್ಠ ಮಟ್ಟ ಮಿಲಿಲೀಟರಿಗೆ 0.18 ಮೈಕ್ರೋಗ್ರಾಂ ಆಸುಪಾಸು, ಅದೂ ಮುಕ್ಕಾಲು ಗಂಟೆಯ ಹೊತ್ತಿಗೆ ಮುಟ್ಟಿ ಇಳಿಯುವಂಥದ್ದು. ತಟ್ಟೆಯ 9.2ಕ್ಕೂ ಇದಕ್ಕೂ ಐವತ್ತು ಪಟ್ಟು ಅಂತರ. ಪೈಪರಿನ್ ಇಲ್ಲದೆ ದಿನಕ್ಕೆ 8 ಗ್ರಾಂ ಕರ್ಕ್ಯುಮಿನ್ ನುಂಗಿಸಿದ ಬೇರೊಂದು ಅಧ್ಯಯನದಲ್ಲೂ ಸರಾಸರಿ ಗರಿಷ್ಠ ಮಟ್ಟ 2 ಮೈಕ್ರೋಮೋಲಾರ್ ಮುಟ್ಟಲಿಲ್ಲ.

ಇನ್ನೂ ಒಂದು ತೊಡಕು ತಟ್ಟೆಯ ಒಳಗೇ ಇದೆ. 37 ಡಿಗ್ರಿಯಲ್ಲಿ, ಪಿಎಚ್ 7.2ರ ಬಫರ್‌ನಲ್ಲಿ, ಅರ್ಧ ಗಂಟೆಗೆ ಕರ್ಕ್ಯುಮಿನ್‌ನ ಶೇ 90ರಷ್ಟು ಒಡೆದುಹೋಗುತ್ತದೆ. ಸೀರಂ ಸೇರಿಸಿದ ದ್ರವದಲ್ಲಿ ಎಂಟು ಗಂಟೆಗೆ ಅರ್ಧ ಉಳಿಯಬಹುದು. 48 ಗಂಟೆ ಬಿಟ್ಟು ಅಳೆದಾಗ ಕೋಶ ಸತ್ತಿರುವುದು ಕರ್ಕ್ಯುಮಿನ್‌ಗೋ, ಅದರ ಚೂರುಗಳಿಗೋ ಹೇಳುವುದು ಹೇಗೆ? ಕರ್ಕ್ಯುಮಿನ್ ಮೇಲೆ ನೂರಿಪ್ಪತ್ತಕ್ಕೂ ಹೆಚ್ಚು ಮಾನವ ಪರೀಕ್ಷೆಗಳು ನಡೆದಿದ್ದರೂ, ಇಮ್ಮಡಿ ಮರೆಮಾಚಿದ (ಯಾರಿಗೆ ಯಾವುದು ಎಂದು ರೋಗಿಗೂ ವೈದ್ಯರಿಗೂ ತಿಳಿಯದ), ಹುಸಿಮದ್ದಿನೊಂದಿಗೆ ಹೋಲಿಸಿದ ಒಂದೂ ಪರೀಕ್ಷೆ ಗೆದ್ದಿಲ್ಲ ಎಂದು 2017ರಲ್ಲಿ ಔಷಧ ರಸಾಯನಶಾಸ್ತ್ರಜ್ಞರ ತಂಡವೊಂದು ಲೆಕ್ಕ ಒಪ್ಪಿಸಿತು.

ಪಿತ್ತನಾಳದ ವಿಷಯದಲ್ಲಿ ಒಂದು ಜಾಣ ವಾದವಿದೆ, ಅದನ್ನು ಗಂಭೀರವಾಗಿಯೇ ನೋಡಬೇಕು. ಗಿಡದ ಅನೇಕ ಸಂಯುಕ್ತಗಳನ್ನು ಯಕೃತ್ತು ಪಿತ್ತರಸದ ಮೂಲಕವೇ ಹೊರಹಾಕುತ್ತದೆ. ರಕ್ತದಲ್ಲಿ ಸಿಗದಿದ್ದರೇನು, ಗಂಟಿರುವ ನಾಳದಲ್ಲೇ ಹರಿಯುತ್ತದಲ್ಲ? ಹರಿಯುತ್ತದೆ ನಿಜ, ಆದರೆ ಬಹುಪಾಲು ಗ್ಲುಕುರೊನಿಕ್ ಆಮ್ಲದ ಜೊತೆ ಬೆಸೆದು, ನಿಷ್ಕ್ರಿಯವಾಗಿ. ಮೇಲಾಗಿ ಗಂಟು ನಾಳವನ್ನು ಮುಚ್ಚಿದ ಕಡೆ ಪಿತ್ತರಸವೇ ಹರಿಯುವುದಿಲ್ಲ. ಈ ಕ್ಯಾನ್ಸರ್ ನಾರಿನಂಥ ದಟ್ಟ ಅಂಗಾಂಶದಲ್ಲಿ ಹುದುಗಿರುತ್ತದೆ, ರಕ್ತನಾಳವೂ ಕಡಿಮೆ. ತಟ್ಟೆಯ ತಳಕ್ಕೆ ಒಂದು ಪದರವಾಗಿ ಹರಡಿಕೊಂಡ ಕೋಶಗಳಿಗೆ ಈ ಕೋಟೆ ಇರುವುದಿಲ್ಲ. ಅದಕ್ಕೇ ಈಗ ಉಂಡೆಯಾಗಿ ಬೆಳೆಸಿದ ಕೋಶಗಳು, ರೋಗಿಯ ಗಂಟಿನಿಂದಲೇ ಬೆಳೆಸಿದ ಆರ್ಗನಾಯ್ಡ್‌ಗಳು (ಗಂಟಿನ ಪುಟ್ಟ ಪ್ರತಿರೂಪಗಳು), ನಾರು ಹುಟ್ಟಿಸುವ ಕೋಶಗಳ ಜೊತೆ ಸೇರಿಸಿ ಬೆಳೆಸುವ ಪದ್ಧತಿ ಬಂದಿವೆ.

ಪ್ರಾಣಿ ಪರೀಕ್ಷೆಯಲ್ಲಿ ಥಾಯ್ ಸಂಶೋಧಕರದೇ ಒಂದು ಮಾದರಿ ಇದೆ. ಸಿರಿಯನ್ ಹ್ಯಾಮ್ಸ್ಟರ್‌ಗೆ ಹುಳುವಿನ 50 ಮರಿಗಳನ್ನು ನುಂಗಿಸಿ, ಕುಡಿಯುವ ನೀರಿನಲ್ಲಿ 12.5 ಪಿಪಿಎಂ ನೈಟ್ರೋಸೋಡೈಮೀಥೈಲಮೀನ್ ಎಂಬ ಕ್ಯಾನ್ಸರ್‌ಕಾರಕವನ್ನು ಎಂಟು ವಾರ ಕೊಟ್ಟರೆ ಕೆಲವು ತಿಂಗಳಲ್ಲಿ ಪಿತ್ತನಾಳದ ಗಂಟು ಏಳುತ್ತದೆ. ಮನುಷ್ಯನ ರೋಗಕ್ಕೆ ಇಷ್ಟು ಹತ್ತಿರದ ಮಾದರಿ ಬೇರೆ ಅಂಗಗಳ ಕ್ಯಾನ್ಸರಿಗೆ ಅಪರೂಪ. ಇಲ್ಲಿ ಓದುಗ ನೋಡಬೇಕಾದ್ದು ಮದ್ದು ಯಾವಾಗ ಶುರುವಾಯಿತು ಎಂಬುದು. ಆಹಾರದಲ್ಲಿ ಶೇ 1ರಷ್ಟು ಕರ್ಕ್ಯುಮಿನ್ ಬೆರೆಸಿದಾಗ ಹ್ಯಾಮ್ಸ್ಟರ್‌ಗಳಲ್ಲಿ ಗಂಟು ಕಡಿಮೆಯಾದದ್ದು ನಿಜ. ಆದರೆ ಅದು ತಡೆಯುವ ಪ್ರಯೋಗ, ಗಂಟು ಬೆಳೆದ ಮೇಲೆ ಕೊಟ್ಟು ಗುಣಪಡಿಸಿದ್ದಲ್ಲ. ಲ್ಯಾಬಿನ ಸಣ್ಣ ಇಲಿಗೆ (ಮೌಸ್) ಕೊಟ್ಟ ಪ್ರಮಾಣವನ್ನು ಮನುಷ್ಯನಿಗೆ ನೇರ ಗುಣಿಸುವುದೂ ತಪ್ಪು, 12.3ರಿಂದ ಭಾಗಿಸಬೇಕು. ಇಲಿಗೆ ಕಿಲೋಗೆ 1000 ಮಿಲಿಗ್ರಾಂ ಎಂದರೆ ಮನುಷ್ಯನಿಗೆ ಕಿಲೋಗೆ 81. ಆದರೂ 60 ಕಿಲೋ ತೂಕದವರಿಗೆ ದಿನಕ್ಕೆ ಹತ್ತಿರಹತ್ತಿರ 5 ಗ್ರಾಂ ಸಾರ ಆಗುತ್ತದೆ. ಅರ್ಧ ಗ್ರಾಮಿನ ಹತ್ತು ಕ್ಯಾಪ್ಸೂಲು, ಊಟವೇ ಸೇರದ ರೋಗಿಗೆ.

ಕೋಟ್ ಕಮಾವ್ ಬೇರಿನ ತಂಡ ಈ ಮೆಟ್ಟಿಲುಗಳನ್ನು ಹಾರದೆ ಹತ್ತಿತು, ಅದಕ್ಕೇ ಅದರ ಕೆಲಸಕ್ಕೆ ಬೆಲೆ. 2010ರ ಪರೀಕ್ಷೆಯಲ್ಲಿ ಬೇರಿನ ಐಸಿ50 ಮಿಲಿಲೀಟರಿಗೆ 24 ಮೈಕ್ರೋಗ್ರಾಂ. ಕಚ್ಚಾ ಸಾರಕ್ಕೆ ಇದು ಗಮನಿಸುವಂಥದ್ದು, ಬೆರಗಾಗುವಂಥದ್ದೇನಲ್ಲ. ಬಳಿಕ ಬೇರಿನೊಳಗಿನ ಅಟ್ರಾಕ್ಟಿಲೋಡಿನ್, ಬೀಟಾ-ಯೂಡೆಸ್ಮಾಲ್ ಮುಂತಾದವನ್ನು ಬಿಡಿಬಿಡಿಯಾಗಿ ಪರೀಕ್ಷಿಸಿದರು, ಪ್ರಾಣಿಗಳಲ್ಲಿ ವಿಷಗುಣ ನೋಡಿದರು, ಸಾರವನ್ನು ಕ್ಯಾಪ್ಸೂಲಿಗೆ ತಂದರು. ಆರೋಗ್ಯವಂತ ಸ್ವಯಂಸೇವಕರಿಗೆ 1000 ಮಿಲಿಗ್ರಾಂ ಒಂದೇ ಸಲ, ಆಮೇಲೆ ಅದನ್ನೇ ದಿನಾ 21 ದಿನ ಕೊಟ್ಟು ರಕ್ತದಲ್ಲಿ ಅಟ್ರಾಕ್ಟಿಲೋಡಿನ್ ಮಟ್ಟ ಅಳೆದರು. ಎರಡನೇ ಹಂತದಲ್ಲಿ, ಯಕೃತ್ತಿನ ಒಳನಾಳಗಳಲ್ಲಿ ರೋಗ ಬಲಿತವರಿಗೆ ಒಂದು ಗುಂಪಿನಲ್ಲಿ 1000 ಮಿಲಿಗ್ರಾಂ, ಇನ್ನೊಂದರಲ್ಲಿ 1000ದಿಂದ 1500, 2000ದವರೆಗೆ ಏರಿಸುತ್ತಾ ಕೊಟ್ಟರು. ಹೋಲಿಕೆಯ ಗುಂಪಿಗೆ ಉಪಶಮನ ಆರೈಕೆ ಮಾತ್ರ.

ಆ ಕೊನೆಯ ವಾಕ್ಯವನ್ನು ಗಮನವಿಟ್ಟು ಓದಬೇಕು. ಹೋಲಿಕೆ ಕಿಮೋ ಜೊತೆ ಅಲ್ಲ. ಹಾಗಾಗಿ ಈ ಪರೀಕ್ಷೆಯಿಂದ ಎಷ್ಟೇ ಒಳ್ಳೆಯ ಸುದ್ದಿ ಬಂದರೂ, ಜೆಮ್‌ಸೈಟಬಿನ್ ತಡೆದುಕೊಳ್ಳಬಲ್ಲ ರೋಗಿ ಅದನ್ನು ಬಿಟ್ಟು ಬೇರಿನ ಕ್ಯಾಪ್ಸೂಲ್ ಹಿಡಿಯಲು ಅದು ಆಧಾರವಾಗದು.

ಗಿಡದಿಂದ ಮದ್ದೇ ಬರದು ಎಂದು ಇದರ ಅರ್ಥ ತೆಗೆಯಬೇಕಿಲ್ಲ. ಕ್ಯಾಂಪ್ಟೊಥೆಸಿನ್ ಕತೆ ಪಕ್ಕದಲ್ಲೇ ಇದೆ. ಚೀನಾದ ಮರವೊಂದರಿಂದ 1966ರಲ್ಲಿ ಮನ್ರೋ ವಾಲ್ ಮತ್ತು ಭಾರತ ಮೂಲದ ಮನ್ಸುಖ್ ವಾನಿ ಅದರ ರಚನೆ ಬಿಡಿಸಿದರು. ನಮ್ಮ ಪಶ್ಚಿಮ ಘಟ್ಟದ ದುರ್ವಾಸನೆ ಮರದಲ್ಲೂ ಅದೇ ಸಂಯುಕ್ತ ಇದೆ, ಅದಕ್ಕಾಗಿಯೇ ಆ ಮರವನ್ನು ಮಿತಿಮೀರಿ ಕಡಿದದ್ದೂ ಆಯಿತು. ಅದು ನೀರಿನಲ್ಲಿ ಕರಗದ ಕಾರಣ ಮೊದಲ ಮಾನವ ಪರೀಕ್ಷೆಗಳಲ್ಲಿ ಸೋಡಿಯಂ ಲವಣವಾಗಿ ಕೊಟ್ಟರು. ಲವಣ ಮಾಡಿದಾಗ ಅಣುವಿನ ಮುಖ್ಯ ಉಂಗುರ ತೆರೆದುಕೊಂಡು ಕಸುವು ಕಳೆದುಕೊಳ್ಳುತ್ತದೆ. ಮೂತ್ರದ ಆಮ್ಲೀಯತೆಗೆ ಉಂಗುರ ಮತ್ತೆ ಮುಚ್ಚಿ, ಮೂತ್ರಕೋಶದಲ್ಲಿ ರಕ್ತ ಬರಿಸುತ್ತದೆ. ಪರೀಕ್ಷೆ ನಿಂತೇಹೋಯಿತು. 1985ರಲ್ಲಿ ಅದು ತಡೆಯುವುದು ಡಿಎನ್‌ಎ ಸಿಕ್ಕು ಬಿಡಿಸುವ ಟೋಪೋಐಸೋಮರೇಸ್-1 ಕಿಣ್ವವನ್ನು ಎಂದು ಗೊತ್ತಾದ ಮೇಲೆ ಆಸಕ್ತಿ ಮರುಕಳಿಸಿತು. ಅಣುವನ್ನು ತಿದ್ದಿ, ಕರಗುವಂತೆ ಮಾಡಿದ ಇರಿನೊಟೆಕಾನ್ 1996ರಲ್ಲಿ ಅಮೆರಿಕದಲ್ಲಿ ಮಾನ್ಯತೆ ಪಡೆಯಿತು. ಗುರಿ ಗೊತ್ತಾಯಿತು, ಅಣು ಬದಲಾಯಿತು, ಪ್ರಮಾಣ ರಕ್ತದಲ್ಲಿ ಸಿಕ್ಕಿತು. ಕಷಾಯ ಕುಡಿಸಿ ಅಲ್ಲಿಗೆ ತಲುಪಲು ಸಾಧ್ಯವಿರಲಿಲ್ಲ.

ಅಷ್ಟಾದರೂ ಪಿತ್ತನಾಳದಲ್ಲಿ ಅದರ ಗೆಲುವು ಅರೆಬರೆ. ಎರಡನೇ ಸಾಲಿನ ಚಿಕಿತ್ಸೆಯಾಗಿ ಲೈಪೋಸೋಮಿನಲ್ಲಿ ತುಂಬಿದ ಇರಿನೊಟೆಕಾನ್ ಕೊಟ್ಟ ಕೊರಿಯಾದ ನಿಫ್ಟಿ ಪರೀಕ್ಷೆ ಒಳ್ಳೆಯ ಫಲ ತೋರಿತು. ಅದನ್ನೇ ಜರ್ಮನಿಯ ನಲಿರಿಕ್ ಪರೀಕ್ಷೆಯಲ್ಲಿ ನೋಡಿದಾಗ ಲಾಭ ಸಿಗಲಿಲ್ಲ. ಯೂ ಮರದ ಪ್ಯಾಕ್ಲಿಟ್ಯಾಕ್ಸೆಲ್‌ಅನ್ನು ಆಲ್ಬುಮಿನ್ ಕಣಗಳಿಗೆ ಕಟ್ಟಿ ಜೆಮ್‌ಸೈಟಬಿನ್-ಸಿಸ್‌ಪ್ಲಾಟಿನ್ ಜೋಡಿಗೆ ಸೇರಿಸಿದ ಸ್ವಾಗ್ 1815 ಪರೀಕ್ಷೆಯೂ ಬದುಕನ್ನು ಗಮನಾರ್ಹವಾಗಿ ಉದ್ದ ಮಾಡಲಿಲ್ಲ. ಶುದ್ಧ ಅಣು, ರಕ್ತನಾಳಕ್ಕೆ ನೇರ ಚುಚ್ಚುಮದ್ದು, ಗೊತ್ತಿರುವ ಗುರಿ, ಎಲ್ಲ ಇದ್ದೂ ಹೀಗೆ.

ರೋಗಿಯ ಮನೆಯವರು ತಾವಾಗಿಯೇ ಕೊಡುವ ಕ್ಯಾಪ್ಸೂಲುಗಳ ಬಗ್ಗೆ ಒಂದೆರಡು ಮಾತು ನೇರವಾಗಿ ಹೇಳಬೇಕು. ಪೈಪರಿನ್ ಮಾಡುವ ಕೆಲಸವೆಂದರೆ ಕರುಳು ಮತ್ತು ಯಕೃತ್ತಿನ ಔಷಧ ಒಡೆಯುವ ಕಿಣ್ವಗಳನ್ನು ತಡೆಯುವುದು. ಅದು ಕರ್ಕ್ಯುಮಿನ್ ಒಂದನ್ನೇ ಆರಿಸಿಕೊಳ್ಳುವುದಿಲ್ಲ, ರೋಗಿ ನುಂಗುವ ಬೇರೆ ಮಾತ್ರೆಗಳ ಮಟ್ಟವನ್ನೂ ಏರಿಸಬಲ್ಲದು. ಅರಿಶಿನದ ಪೂರಕಗಳಿಂದ ಯಕೃತ್ತಿಗೆ ಪೆಟ್ಟಾದ ಹತ್ತು ಪ್ರಕರಣಗಳನ್ನು ಅಮೆರಿಕದ ಔಷಧಜನ್ಯ ಯಕೃತ್ ಹಾನಿ ಜಾಲ ದಾಖಲಿಸಿದೆ. ಅವರಲ್ಲಿ ಏಳು ಮಂದಿಗೆ ಎಚ್‌ಎಲ್‌ಎ-ಬಿ*35:01 ಎಂಬ ಒಂದೇ ಜೀನ್ ಗುರುತಿತ್ತು, ಒಬ್ಬರು ತೀರಿಕೊಂಡರು. ಅಡುಗೆಯ ಚಿಟಿಕೆ ಅರಿಶಿನಕ್ಕೂ ಇದಕ್ಕೂ ಸಂಬಂಧ ಕಲ್ಪಿಸಬೇಕಿಲ್ಲ. ಪಿತ್ತನಾಳದ ರೋಗಿಗೆ ಬಿಲಿರುಬಿನ್ (ಕಾಮಾಲೆಯ ಹಳದಿ ವಸ್ತು) ಏರಿದಾಗ ವೈದ್ಯರು ಮೊದಲು ಯೋಚಿಸುವುದು ನಾಳ ತೆರೆದಿಡಲು ಹಾಕಿದ ಸ್ಟೆಂಟ್ ಕಟ್ಟಿಕೊಂಡಿತೇ, ಗಂಟು ಬೆಳೆಯಿತೇ ಎಂದು. ಹೇಳದೆ ನುಂಗಿದ ಕ್ಯಾಪ್ಸೂಲ್ ಕಾರಣವಾಗಿದ್ದರೆ, ಆ ಹುಡುಕಾಟದಲ್ಲಿ ವಾರಗಳು ಹೋಗುತ್ತವೆ, ಕಿಮೋ ಮುಂದಕ್ಕೆ ಬೀಳುತ್ತದೆ. ಇರಿನೊಟೆಕಾನ್ ಪಡೆಯುವವರಿಗಂತೂ ಬಿಲಿರುಬಿನ್ ಏರಿದರೆ ಮದ್ದೇ ವಿಷವಾಗುತ್ತದೆ, ಎರಡೂ ಹೊರಹೋಗುವುದು ಒಂದೇ ಕಿಣ್ವದ ದಾರಿಯಲ್ಲಿ.

ಭಾರತದಲ್ಲಿ 2015ರ ಅಧಿಸೂಚನೆಯಿಂದ ಫೈಟೋಫಾರ್ಮಸ್ಯೂಟಿಕಲ್ ಎಂಬ ಪ್ರತ್ಯೇಕ ವರ್ಗವೇ ಇದೆ. ಗಿಡದ ಸಾರದ ಶುದ್ಧೀಕರಿಸಿದ ಭಾಗ, ಅದರಲ್ಲಿ ಕನಿಷ್ಠ ನಾಲ್ಕು ಸಂಯುಕ್ತಗಳ ಗುರುತು ಮತ್ತು ಪ್ರಮಾಣ, ಆಮೇಲೆ ಮಾಮೂಲಿ ಹೊಸ ಔಷಧದಂತೆಯೇ ಮಾನವ ಪರೀಕ್ಷೆ. ನಾಲ್ಕನ್ನು ಅಳೆಯಿರಿ ಎನ್ನುವುದರ ಹಿಂದೆ ಕಾರಣವಿದೆ. ಅದೇ ಬೇರು ಬೇರೆ ಊರಿನಲ್ಲಿ, ಬೇರೆ ತಿಂಗಳಲ್ಲಿ ಕಿತ್ತರೆ ಒಳಗಿನ ಪ್ರಮಾಣ ಬದಲಾಗುತ್ತದೆ. ಮೊದಲ ಬ್ಯಾಚಿನಲ್ಲಿ ಕಂಡ ಗುಣ ಮೂರನೆಯದರಲ್ಲಿ ಕಾಣದಿದ್ದರೆ ಗಿಡ ಸೋತಿತೋ, ಬ್ಯಾಚು ಸೋತಿತೋ ತಿಳಿಯುವುದಿಲ್ಲ. ದೇಶದಲ್ಲಿ ನಡೆಯುವ ಮಾನವ ಪರೀಕ್ಷೆಗಳು ಸಿಟಿಆರ್‌ಐ ನೋಂದಣಿಯಲ್ಲಿ ಇರಬೇಕೆಂಬ ಕಡ್ಡಾಯ 2009ರಿಂದ ಇದೆ. "ಕ್ಲಿನಿಕಲ್ ಟ್ರಯಲ್ ಆಗಿದೆ" ಎಂದು ಮಾರುವವರನ್ನು ಕೇಳಬೇಕಾದ್ದು ಆ ನೋಂದಣಿ ಸಂಖ್ಯೆಯನ್ನು.

ಇನ್ನು ಕೋಟ್ ಕಮಾವ್ ಆಗಲಿ, ಬೇರೆ ಸಾರವಾಗಲಿ ಮೂರನೇ ಹಂತಕ್ಕೆ ಹೋಗುವುದಾದರೆ ಲೆಕ್ಕ ಹೀಗಿದೆ. ಕಿಮೋ ಜೊತೆಗೆ ಕೊಟ್ಟು ಸಾವಿನ ದರವನ್ನು ಐದನೇ ಒಂದರಷ್ಟು ಇಳಿಸುತ್ತದೆ ಎಂದು ರೂಢಿಯ ಶೇ 80 ಖಾತರಿಯಿಂದ ತೋರಿಸಲು ಸುಮಾರು 630 ಸಾವುಗಳು ದಾಖಲಾಗಬೇಕು. ಅಂದರೆ ಅದಕ್ಕಿಂತ ಹೆಚ್ಚು ರೋಗಿಗಳು ಬೇಕು. ಟೋಪಾಜ್-1ಕ್ಕೆ 685 ಜನರನ್ನು ಸೇರಿಸಿದ್ದು, ಹಲವು ದೇಶಗಳಿಂದ, ದೊಡ್ಡ ಕಂಪನಿಯ ಹಣದಲ್ಲಿ. ಯಾರಿಗೂ ಪೇಟೆಂಟ್ ಇಲ್ಲದ ಬೇರಿಗೆ ಆ ಹಣ ಹಾಕುವವರು ಸರ್ಕಾರವೇ ಆಗಬೇಕು. ಖೋನ್ ಕೇನ್‌ನಲ್ಲಿ 2013ರಿಂದ ನಡೆದಿರುವ ಅಲ್ಟ್ರಾಸೌಂಡ್ ತಪಾಸಣೆ ಕಾರ್ಯಕ್ರಮದಿಂದ ರೋಗಿಗಳನ್ನು ಒಂದೆಡೆ ಹುಡುಕುವ ವ್ಯವಸ್ಥೆಯಾದರೂ ಇದೆ. ಸಣ್ಣದಾಗಿ ಕಂಡರೂ ಬಿಡದೆ ಕಾಡುವ ತೊಂದರೆ ಮರೆಮಾಚುವಿಕೆಯದು. ಬೇರಿಗೆ ಗಾಢ ವಾಸನೆ, ಕ್ಯಾಪ್ಸೂಲ್ ಡಬ್ಬಿ ತೆರೆದ ಕೂಡಲೇ ಮೂಗಿಗೆ ಬಡಿಯುತ್ತದೆ. ಹುಸಿಮದ್ದಿನ ಡಬ್ಬಿಯಲ್ಲೂ ಅದೇ ವಾಸನೆ ಬರಿಸಬೇಕು, ಆದರೆ ಆ ವಾಸನೆ ಹೊತ್ತಿರುವ ಎಣ್ಣೆಯಲ್ಲೇ ಬೀಟಾ-ಯೂಡೆಸ್ಮಾಲ್ ಇದೆ.